ಧಾರೆಗೆ ಮೊದಲೇ ಹಿಡಿದ ಕೈ

ನಮ್ಮ ಕಡಬದ ಕಡೆ ಆಗ ಯಾರೂ ಕೈ ಕುಲುಕುತ್ತಿರಲಿಲ್ಲ. ಉಪ್ಪಿನಂಗಡಿ ಸಂತೆಯಲ್ಲಿ ಬ್ಯಾರಿ ವ್ಯಾಪಾರಿಗಳು ಒಬ್ಬರ ಕೈಯನ್ನೊಬ್ಬರು ಹಿಡಿದು, ಆಮೇಲೆ ಎದೆ ಮುಟ್ಟಿಕೊಳ್ಳುವುದನ್ನು ನೋಡಿದ್ದೆ. ಎಷ್ಟು ಚಂದ ಅನಿಸುತ್ತಿತ್ತು. ಪುತ್ತೂರಿನ ಕಾಲೇಜಿನಲ್ಲಿ ವಾಲಿಬಾಲ್ ಸೋತವರು ಗೆದ್ದವರ ಕೈ ಕುಲುಕುವಾಗಿನ ಹುಳಿ ಮುಖವನ್ನೂ ನೋಡಿದ್ದೆ. ನಮ್ಮ ಮನೆಯಲ್ಲಿ ಬಂದವರಿಗೆ ಬೆಲ್ಲ, ನೀರು ಕೊಟ್ಟರೆ ಮುಗಿಯಿತು. ಗಂಡು ಹೆಣ್ಣಿನ ಕೈ ಹಿಡಿಯುವುದೆಂದರೆ ಮಂಟಪದಲ್ಲಿ, ಹಿರಿಯರು ಗಿಂಡಿಯಿಂದ ಆ ಜೋಡಿ ಕೈಗಳ ಮೇಲೆ ನೀರೆರೆಯುವಾಗ. ಧಾರೆ ಆಯಿತೆಂದರೆ ಮದುವೆ ಆಯಿತು.

ಎಂಬತ್ತರ ದಶಕದ ಆರಂಭ. ನನ್ನನ್ನು ನೋಡಲು ಬಂದಿದ್ದ ಇಬ್ಬರನ್ನು ಆಗಲೇ ಬೇಡವೆಂದಿದ್ದೆ. ಮೂರನೆಯವರು ಪುತ್ತೂರಿನಲ್ಲಿ ಬ್ಯಾಂಕ್ ನೌಕರಿಯವರು. ಈ ಸಲವೂ ಬೇಡವೆಂದರೆ ನನ್ನ ಹತ್ತಿರ ಮಾತೇ ಆಡುವುದಿಲ್ಲ ಎಂದಿದ್ದಳು ಅಮ್ಮ. ನನಗಿದ್ದ ಹೆದರಿಕೆಯೇ ಬೇರೆ: ಪೇಟೆಯವರು, ನಮ್ಮ ಅಪ್ಪನನ್ನು ನೋಡಿ ಮೂಗು ಮುರಿದರೆ?

ಸಂಜೆ ಬರಬೇಕಾದವರು ತಮ್ಮ ಸೋದರಮಾವನ ಜೊತೆ ಮಧ್ಯಾಹ್ನವೇ ಬಂದುಬಿಟ್ಟರು. ಅಜ್ಜಿಯೂ ಸೇರಿ ನಾವೆಲ್ಲ ಜಗಲಿಯಲ್ಲಿ ಕೈಗೆ ತೆಂಗಿನೆಣ್ಣೆ ಬಳಿದುಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದೆವು. ನಾನು ಉಟ್ಟದ್ದು ಹಳೇ ಸೀರೆ. ಓಡಿ ಒಳಗೆ ಹೋಗುವಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ, ನಗುತ್ತಾ ಅಪ್ಪನ ಮುಂದೆ ಬಲಗೈ ಚಾಚಿದರು.

ಅಪ್ಪ ಆ ಕೈಯನ್ನು ನೋಡಿದರು. ಬಿಸಿಲಲ್ಲಿ ನಡೆದು ಬಂದ ಮನುಷ್ಯ, ಹಸಿವಾಗಿರಬೇಕು ಎಂದುಕೊಂಡರೋ ಏನೋ, ಒಂದು ದೊಡ್ಡ ಸೊಳೆ ಆರಿಸಿ ಅಂಗೈಯಲ್ಲಿಟ್ಟರು.

"ತಿನ್ನಿ ಮಾರಾಯ್ರೆ, ಒಳ್ಳೆ ಸಿಹಿ ಉಂಟು."

ನಾನು ಬಾಗಿಲ ಮರೆಗೆ ಸರಿದೆ. ಅವರು ಸೊಳೆಯನ್ನು ನೋಡಿದರು, ಅಪ್ಪನನ್ನು ನೋಡಿದರು, ನಿಂತಲ್ಲೇ ತಿಂದರು.

"ಬೀಜ ಎಲ್ಲಿ ಹಾಕುದು?"

ಅಪ್ಪ ಬುಟ್ಟಿ ತೋರಿಸಿದರು. ಆ ಮನುಷ್ಯ ಅಂಗಿಯ ಕೈ ಮಡಚಿ, ಎಣ್ಣೆ ಬಳಿದುಕೊಂಡು ಅಪ್ಪನ ಪಕ್ಕ ಕುಳಿತೇಬಿಟ್ಟರು. ಸೊಳೆ ಬಿಡಿಸುವುದು ಸ್ವಲ್ಪವೂ ಬರುತ್ತಿರಲಿಲ್ಲ. ಅಪ್ಪ ಹೇಳಿಕೊಡುತ್ತಾ ಖುಷಿಯಲ್ಲಿ ಉಬ್ಬಿಹೋದರು. ಬಾಗಿಲ ಮರೆಯಲ್ಲಿ ನಿಂತ ನನಗೂ ಹಾಯೆನಿಸಿತು.

ಹೊರಡುವಾಗ ಅವರು ಮತ್ತೆ ಅಪ್ಪನಿಗೆ ಕೈ ಚಾಚಿದರು. ಈ ಸಲ ಸೋದರಮಾವ ವಿಷಯ ತಿಳಿಸಿದ್ದರಿಂದ ಅಪ್ಪ ಬೈರಾಸಿಗೆ ಕೈ ಒರೆಸಿ, ಸಾಕೆನ್ನುವಷ್ಟು ಹೊತ್ತು ಕುಲುಕಿದರು. ಅದೇ ಹುರುಪಿನಲ್ಲಿ ಬಂದವರ ಕೈ ಬಾಗಿಲಲ್ಲಿದ್ದ ನನ್ನತ್ತಲೂ ಬಂತು.

"ಅದೆಂತದು!" ಅಜ್ಜಿ ಕಿರುಚಿದರು. "ಧಾರೆಗೆ ಮೊದಲೇ ಕೈ ಹಿಡಿಯುದಾ?"

ಅವರು ಕೆಂಪಾಗಿ ಕೈ ಹಿಂದಕ್ಕೆಳೆದುಕೊಂಡರು. ನಾನು ಒಂದು ಹೆಜ್ಜೆ ಮುಂದಿಟ್ಟು ಆ ಕೈಯನ್ನು ಹಿಡಿದೆ. ಇಬ್ಬರ ಕೈಯಲ್ಲೂ ಎಣ್ಣೆ, ಮೇಣ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಲು ತೊಳೆಯಲು ಮೆಟ್ಟಿಲ ಬಳಿ ಇಟ್ಟಿದ್ದ ಗಿಂಡಿಯತ್ತ ಅಜ್ಜಿ ಕೈ ತೋರಿಸಿದರು.

"ಅದನ್ನು ಇತ್ತ ಕೊಡು ಮಗಾ," ಎಂದರು ಅಪ್ಪನಿಗೆ. "ನೀರೂ ಎರೆದುಬಿಡುವ."