ಸೀಸರ್ ಮಲಗುವಷ್ಟು ಜಾಗ

ಬಚ್ಚಲೊಲೆಗೆ ಬೆಂಕಿ. ಗಂಜಿಗೆ ಎಸರು. ಇಡ್ಲಿ, ಚಟ್ನಿ, ಮಗಳ ಬುತ್ತಿ, ಗಂಡನ ಅಂಗಿಗೆ ಇಸ್ತ್ರಿ. ನಾಯಿಗೆ ಬೂತಾಯಿ ಮೀನಿನ ತಲೆಗಳನ್ನು ಬೇಯಿಸಿ, ಮುಳ್ಳು ಆರಿಸಿ, ಅನ್ನಕ್ಕೆ ಕಲಸಿ ಆರಲು ಇಡುವುದು. ಆಮೇಲೆ ಹಣೆಗೆ ಟಾರ್ಚ್ ಕಟ್ಟಿಕೊಂಡು ಹಿತ್ತಿಲಿಗೆ ಇಳಿಯುವುದು. ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಕೊಯ್ಯಬೇಕು. ಕಾಪುವಿನ ಅಕ್ಕುವಿಗೆ ಬೆಳಕು ಹರಿಯುವುದು ಇಷ್ಟೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ಗಂಡ ಉಮಾನಾಥ ಎದ್ದು, "ಚಾ ಉಂಟಾ?" ಎಂದು ಕೇಳುತ್ತಾನೆ.

ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಏಜೆಂಟರಿಗೆ ಮುಟ್ಟಿಸಿ ಬರುವುದನ್ನು ಆ ಮನೆಯಲ್ಲಿ ಯಾರೂ ಕೆಲಸ ಎಂದು ಕರೆಯುವುದಿಲ್ಲ. ಉಮಾನಾಥ ದುಬೈಯಿಂದ ಮರಳಿದ ಮೇಲೆ ಉಡುಪಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುವವರೆಗೆ ಮನೆ ನಡೆದದ್ದು ಈ ಹೂವಿನಿಂದಲೇ. "ಅವಳಿಗೆ ಹೂವಿನದ್ದೊಂದು ಮರುಳು," ಎನ್ನುತ್ತಾನೆ ಅವನು.

ಸೀಸರ್ ಅವಳ ನಾಯಿಯಲ್ಲ. ಉಮಾನಾಥನ ಅಕ್ಕ ಮಣಿಪಾಲದ ಫ್ಲ್ಯಾಟಿಗೆ ಹೋಗುವಾಗ, ನಾಲ್ಕು ದಿನ ನೋಡಿಕೊಳ್ಳಿ ಎಂದು ಬಿಟ್ಟುಹೋದ ಗ್ರೇಟ್ ಡೇನ್. ನಾಲ್ಕು ದಿನ ಮುಗಿಯಲೇ ಇಲ್ಲ. ನಸುಕಿನಲ್ಲಿ ಆ ಮನೆಯಲ್ಲಿ ಅವಳೊಂದಿಗೆ ಎದ್ದು ಹಿತ್ತಿಲಿಗೆ ಬರುತ್ತಿದ್ದುದು ಅದೊಂದೇ. ಈಗ ಅದಕ್ಕೆ ವಯಸ್ಸಾಗಿದೆ, ಸೊಂಟ ಬಿದ್ದಿದೆ. ಮಣಿಪಾಲದ ಡಾಕ್ಟರರ ಹತ್ತಿರ ತಪ್ಪದೆ ಇಂಜೆಕ್ಷನ್ ಹಾಕಿಸಿದರೆ ಮಾತ್ರ ನಡೆಯುತ್ತದೆ. ರಿಕ್ಷಾದವರು ಹತ್ತಿಸುವುದಿಲ್ಲ. "ಇದು ನಾಯಿಯಾ ಕರುವಾ, ಅಕ್ಕಾ?" ಎಂದು ನಕ್ಕು ಹೋಗುತ್ತಾರೆ.

ಅಕ್ಕು ಡ್ರೈವಿಂಗ್ ಕಲಿತಳು. ಹೂವಿನಲ್ಲಿ ಉಳಿಸಿದ್ದರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿಯೊಂದು ಬರುತ್ತದೆ ಎಂದಳು. "ಒಳ್ಳೆಯದೇ," ಎಂದ ಉಮಾನಾಥ. ಮಲಗಿದ್ದ ಸೀಸರನ ಮೂಗಿನಿಂದ ಬಾಲದ ಬುಡದವರೆಗೆ ಬಾಳೆನಾರು ಹಿಡಿದು ಅಳತೆಗೊಂದು ಗಂಟು ಹಾಕಿದಳು. ಸಂತೆಕಟ್ಟೆಯಲ್ಲಿ ನೋಡಿದ ಕಾರುಗಳ ಹಿಂದಿನ ಸೀಟಿನಲ್ಲಿ ಆ ನಾರನ್ನು ಚಾಚಿದರೆ ಗಂಟು ಬಾಗಿಲಿನಿಂದ ಆಚೆ. ಹಿರಿಯಡ್ಕದಲ್ಲಿ ಇಮ್ತಿಯಾಝ್ ಎಂಬವನ ಹಳೆ ಗಾಡಿಗಳ ಅಂಗಡಿಯಲ್ಲಿ ಓಮ್ನಿ ವ್ಯಾನೊಂದು ಸಿಕ್ಕಿತು. ಹಿಂದಿನ ಸೀಟು ತೆಗೆದರೆ ನಾರು ಸಲೀಸಾಗಿ ಹಿಡಿಯಿತು. ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ತಳ ತಗ್ಗು, ಹಾರಬೇಕಾಗಿಲ್ಲ.

"ಇದನ್ನು ಮೀನಿನವರು ಕೇಳ್ತಾರೆ ಅಕ್ಕಾ. ನಿಮಗೆ ಬೇಕಿದ್ದರೆ ಇಟ್ಟಿರ್ತೇನೆ," ಎಂದ ಇಮ್ತಿಯಾಝ್.

ಗಾಡಿ ತರುವ ದಿನ ಮದುವೆಯ ಮುಹೂರ್ತಗಳಿದ್ದವು, ಮಲ್ಲಿಗೆಗೆ ಬೇಡಿಕೆ. ಅಕ್ಕು ಮೊಗ್ಗಿನ ರಾಶಿಯ ಮುಂದಿನಿಂದ ಏಳುವಂತಿರಲಿಲ್ಲ. ಮೊತ್ತ ಬರೆಯದೆ ತನ್ನ ಚೆಕ್ಕಿಗೆ ಸಹಿ ಹಾಕಿ ಉಮಾನಾಥನ ಕೈಗೆ ಕೊಟ್ಟಳು.

ಸಂಜೆ ಅಂಗಳಕ್ಕೆ ಬಂದದ್ದು ಕಪ್ಪು ಸೆಡಾನ್.

"ಓಮ್ನಿ?" ಎಂದಳು ಅಕ್ಕು.

"ಎಂತ ಮಾರಾಯ್ತಿ ನೀನು! ಬರುವ ವಾರ ಕಾರ್ಕಳದಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ. ಮಾತಾಡಬೇಕಾದವನು ನಾನು. ಸೋದರಮಾವ ಮೀನಿನ ಗಾಡಿಯಿಂದ ಇಳಿಯುವುದಾ?"

ಅಳಿಯಕಟ್ಟಿನ ಕುಟುಂಬ, ವಂಶ, ಆಸ್ತಿ ಎಲ್ಲ ತಾಯಿಯ ಕಡೆಯಿಂದ. ಹೆಣ್ಣಿನ ಕಡೆಯಲ್ಲಿ ಸೋದರಮಾವನದೇ ಮೊದಲ ಮಾತು, ಮೊದಲ ಮರ್ಯಾದೆ. ಅಕ್ಕುವಿಗೆ ಅದು ಗೊತ್ತಿಲ್ಲದ್ದೇನಲ್ಲ. ಇದೇ ಕಟ್ಟಿನಲ್ಲಿ ಈ ಮನೆ ಅವಳಿಗೆ ತಾಯಿಯಿಂದ ಬಂದದ್ದು.

"ಸೀಸರ್ ಎಲ್ಲಿ ಕೂರುವುದು?"

"ಡಿಕ್ಕಿ ದೊಡ್ಡದುಂಟಲ್ವಾ!" ಎಂದು ನಕ್ಕ. ಅವಳು ನಗದಿದ್ದಾಗ ಸ್ವರ ಇಳಿಸಿದ. "ಅಕ್ಕನ ಮೈದುನನಿಗೆ ನಂದಿಕೂರಿನಲ್ಲಿ ಗೋದಾಮುಂಟು. ಅಲ್ಲಿ ಕಟ್ಟಿಹಾಕ್ತಾರೆ. ನಾಡಿದ್ದು ಟೆಂಪೋ ಕಳಿಸ್ತಾರೆ. ನಿನಗೂ ಒಂದು ಕೆಲಸ ಕಡಿಮೆ."

"ಇಂಜೆಕ್ಷನ್?"

ಅವನು ಕಾರಿನ ಕನ್ನಡಿ ಒರೆಸತೊಡಗಿದ.

ಆಗಲೇ ಕಾಲೇಜಿನಿಂದ ಬಂದ ಮಗಳು ತೃಷಾ ಗೇಟಿನಲ್ಲೇ ಕೂಗಿದಳು: "ನೋಡಿದ್ರಾ ಪಪ್ಪಾ, ನಾನು ಹೇಳ್ಲಿಲ್ವಾ? ಬಿಳಿಯದಕ್ಕಿಂತ ಕಪ್ಪೇ ಚಂದ!" ಅಮ್ಮ ಮೆಟ್ಟಿಲಲ್ಲಿ ನಿಂತಿರುವುದು ಆಮೇಲೆ ಕಂಡಿತು. "ಅಮ್ಮ, ಪಪ್ಪ ಸರ್ಪ್ರೈಸ್ ಅಂದದ್ದಕ್ಕೆ..."

ಗಂಡ ಅವನ ಅಕ್ಕನ ಕಡೆಯವನೆಂಬುದು ಅಕ್ಕುವಿಗೆ ಹಳೆಯ ಸಂಗತಿ. ದಿನಾ ಬುತ್ತಿ ಕಟ್ಟಿಕೊಡುವ ತನ್ನ ಬೆನ್ನ ಹಿಂದೆ ಮಗಳೂ ಬಣ್ಣ ಆರಿಸುತ್ತಿದ್ದಳು ಎಂಬುದಕ್ಕೆ ಅವಳು ಸಿದ್ಧಳಿರಲಿಲ್ಲ. ಆ ರಾತ್ರಿಯೂ ಗಂಡನಿಗೆ, ಮಗಳಿಗೆ, ಸೀಸರನಿಗೆ ಬಡಿಸಿದಳು. ಕಾರಿನ ಮೈಲೇಜಿನ ಬಗ್ಗೆ ಅಪ್ಪ, ಮಗಳು ಮಾತಾಡಿದರು.

ಮರುದಿನ ಭಾನುವಾರ. ಇಬ್ಬರೂ ಏಳುವ ಮೊದಲೇ ಅಕ್ಕು ಸೆಡಾನಿನ ಹಿಂದಿನ ಬಾಗಿಲು ತೆರೆದಳು. ಸೀಸರ್ ಮುಂಗಾಲಿಟ್ಟಿತು, ಸೊಂಟ ಏಳಲಿಲ್ಲ. ನರಳಿ ಹಿಂದೆ ಸರಿದು ಅವಳ ಮುಖ ನೋಡಿತು. ಅದನ್ನು ಜಗಲಿಯಲ್ಲಿ ಮಲಗಿಸಿ, ಒಬ್ಬಳೇ ಹಿರಿಯಡ್ಕಕ್ಕೆ ಓಡಿಸಿದಳು.

ಇಮ್ತಿಯಾಝ್ ಆಗಷ್ಟೇ ಶಟರ್ ಎತ್ತುತ್ತಿದ್ದ. ಓಮ್ನಿ ಅಲ್ಲೇ ಇತ್ತು.

"ಇಟ್ಟಿರ್ತೇನೆ ಅಂದಿದ್ದೆ ನೀನು."

"ಉಮಾನಾಥಣ್ಣ ನೀವೂ ಒಪ್ಪಿದ್ದೀರಿ ಅಂದ್ರು ಅಕ್ಕಾ. ನಾನು ಎಂತ ಹೇಳುವುದು?"

"ನನಗೊಂದು ಫೋನ್ ಮಾಡಬಹುದಿತ್ತು."

ಅವನು ತಲೆ ಕೆರೆದುಕೊಂಡ. "ಬದಲಿಸಿದ್ರೆ ನಿಮಗೆ ಸ್ವಲ್ಪ ನಷ್ಟ ಉಂಟು. ಅಣ್ಣನನ್ನು ಒಂದು ಮಾತು ಕೇಳ್ಲಾ?"

ಅವಳ ಚೀಲದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ತೃಷಾ. ನಿಂತಿತು. ಮತ್ತೆ ಉಮಾನಾಥ. ಕಾರ್ಕಳದ ನಿಶ್ಚಿತಾರ್ಥದ ಹಾಲ್‌ನಲ್ಲಿ ತನ್ನನ್ನು ಯಾರೂ ಮಾತಾಡಿಸಲಾರರೆಂದು, ಬಹುಶಃ ಮಗಳೂ ದೂರದ ಸಾಲಿನಲ್ಲಿ ಕೂರುವಳೆಂದು ಅವಳಿಗೆ ಗೊತ್ತಿತ್ತು.

"ಬೇಡ," ಎಂದಳು. ಸೆಡಾನಿನ ಕೀ ಮೇಜಿನ ಮೇಲಿಟ್ಟಳು. "ಆ ಹಿಂದಿನ ಸೀಟು ಬಿಚ್ಚಿಕೊಡು."