ಬೀಗ ಹಾಕಿದ ಹುಳುಮನೆ

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಮಾತೆತ್ತಿದರೆ ಒಂದು ಕಾಲದಲ್ಲಿ ನಾನು ಅವರ ಎದುರಿಗೇ ನಗುತ್ತಿದ್ದೆ. ಮುಳಬಾಗಿಲಿನಲ್ಲಿ ಪುರೋಹಿತರ ಮನೆಯಲ್ಲಿ ಹುಟ್ಟಿದವಳು ನಾನು. ಮಗುವಿಗೆ ದೃಷ್ಟಿಯಾಗಿದೆ, ಸೊಸೆಗೆ ಗಾಳಿ ಸೋಕಿದೆ ಎಂದು ಜನ ತಾತನ ಹತ್ತಿರ ದಾರ ಕಟ್ಟಿಸಿಕೊಳ್ಳಲು ಬರುತ್ತಿದ್ದರು. ತಾತ ಕಟ್ಟಿ ಕಳಿಸುತ್ತಿದ್ದರು. ಬಂದವರು ಬೀದಿ ತಿರುಗಿದ ಮೇಲೆ ನನ್ನ ಕಡೆ ನೋಡಿ, ಅವರಿಗೆ ಬೇಕಾಗಿದ್ದದ್ದು ದಾರವಲ್ಲ, ಯಾರಾದರೂ ಕೂತು ಕೇಳುವುದು ಎನ್ನುತ್ತಿದ್ದರು. ಹೀಗಾಗಿ ಭಯದ ಒಳಗುಟ್ಟು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿದೆ ಎಂದುಕೊಂಡಿದ್ದೆ. ಈಗಲೂ ದೆವ್ವ ಉಂಟೇ ಎಂದು ನೀವು ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಆದರೆ ನಗುವುದಿಲ್ಲ.

ಇದು ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ರೇಷ್ಮೆ ಬೆಳೆಗಾರರಿಗೆ ಸಂಬಂಧಿಸಿದ ಒಂದು ಸಂಶೋಧನೆಯಲ್ಲಿ ಕೆಲಸಕ್ಕಿದ್ದೆ. ಹುಳು ಸಾಕುವ ಮನೆಗಳಲ್ಲಿ ಸೆಖೆ ಎಷ್ಟು, ತೇವ ಎಷ್ಟು, ಉಸಿರಾಡಿ ಬಿಟ್ಟ ಕೆಟ್ಟ ಗಾಳಿ ಎಷ್ಟು ನಿಂತಿದೆ ಎಂದು ಅಳೆಯುವ ಚಿಕ್ಕ ಪೆಟ್ಟಿಗೆಗಳನ್ನು ಕೆಲವು ಊರುಗಳಲ್ಲಿ ತೂಗುಹಾಕಿದ್ದೆವು. ಪೆಟ್ಟಿಗೆ ನಿಮಿಷಕ್ಕೊಮ್ಮೆ ಅಳೆದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತಿತ್ತು. ಆ ಕಡೆ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ನಾನೇ ಸ್ಕೂಟರಿನಲ್ಲಿ ಹೋಗಿ, ಕೈಯಲ್ಲಿ ಹಿಡಿಯುವ ಒಂದು ಯಂತ್ರಕ್ಕೆ ಆ ಅಂಕಿಗಳನ್ನೆಲ್ಲ ಇಳಿಸಿಕೊಂಡು ಬರಬೇಕಿತ್ತು. ದಪ್ಪನೆಯ ಫೋನಿನಂಥ ಯಂತ್ರ ಅದು. ಗೋಡೆಯ ಹೊರಗೆ ನಿಂತು ಗುಂಡಿ ಒತ್ತಿದರೆ ಸಾಕು, ಒಳಗಿನ ಪೆಟ್ಟಿಗೆಗಳು ಒಂದೊಂದಾಗಿ ತಮ್ಮ ಲೆಕ್ಕ ಒಪ್ಪಿಸುತ್ತಿದ್ದವು. ಬೇಕೆಂದರೆ ಆ ಕ್ಷಣದ ಅಂಕಿಗಳನ್ನೂ ನೋಡಬಹುದಿತ್ತು.

ಹುತ್ತೂರಿನ ಕಡೆಯ ಒಂದು ಹಳ್ಳಿಯಲ್ಲಿ ರತ್ನಮ್ಮ, ಮುನಿವೆಂಕಟಪ್ಪ ದಂಪತಿಯ ಹುಳುಮನೆ ನನ್ನ ಪಟ್ಟಿಯಲ್ಲಿತ್ತು. ಊರಿಂದ ಎರಡು ಹೊಲ ದಾಟಿ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಸಿಮೆಂಟ್ ಇಟ್ಟಿಗೆಯಿಂದ ಕಟ್ಟಿದ ಉದ್ದನೆಯ ಮನೆ. ಒಂದೇ ಬಾಗಿಲು, ಅದೂ ತಗಡಿನದು. ಬಾಗಿಲ ಪಕ್ಕದಲ್ಲಿ ಒಂದನೇ ಪೆಟ್ಟಿಗೆ, ಅಲ್ಲಿಂದ ಸಾಲಾಗಿ ಹಿಂದಕ್ಕೆ ಹೋಗಿ ತುದಿಯ ಮೂಲೆಯಲ್ಲಿ ಆರನೆಯದು. ರತ್ನಮ್ಮನಿಗೆ ಐವತ್ತರ ಆಸುಪಾಸು. ಅವರ ಗಂಡನಿಗೆ ಕಿವಿ ಮಂದ, ಉಬ್ಬಸ ಬೇರೆ. ಹುಳುವಿನ ಕೆಲಸವೆಲ್ಲ ರತ್ನಮ್ಮನದೇ. ಅಂಕಿಗಳನ್ನು ನೋಡಿ ನೋಡಿ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅವರು ಸೊಪ್ಪು ಹಾಕುತ್ತ ಎಷ್ಟು ಹೊತ್ತಿಗೆ ಹುಳುಗಳ ಯಾವ ತಟ್ಟೆಯ ಮುಂದೆ ನಿಂತಿದ್ದರು ಎಂದು ಹೊರಗೆ ಕೂತೇ ಹೇಳಿಬಿಡುತ್ತಿದ್ದೆ. ಮನುಷ್ಯ ನಿಂತ ಕಡೆ ಅವನು ಬಿಟ್ಟ ಉಸಿರು ಸೇರಿಕೊಳ್ಳುತ್ತದೆ; ಅಲ್ಲಿಯ ಅಂಕಿ ಏರುತ್ತದೆ. ಅವನು ಮುಂದೆ ಹೋದರೆ ಅದು ಇಳಿದು ಪಕ್ಕದ್ದು ಏರುತ್ತದೆ. ಇದನ್ನು ಹೇಳಿದಾಗ ರತ್ನಮ್ಮ ನಕ್ಕು, ಹಂಗಾದ್ರೆ ನಾನು ಒಳಗೆ ಕೂತ್ಕಂಡು ತೂಕಡಿಸೋದೂ ನಿಮಗೆ ಗೊತ್ತಾಗುತ್ತೆ ಅನ್ನಿ ಎಂದಿದ್ದರು.

ಆ ದಿನ ನಾನು ಅಲ್ಲಿಗೆ ಹೋದಾಗ ಮಧ್ಯಾಹ್ನ ಹನ್ನೆರಡೂವರೆ ಇರಬೇಕು. ಮಾರ್ಚ್ ತಿಂಗಳ ಬಿಸಿಲು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮನೆ ತಯಾರಾಗುತ್ತಿದ್ದ ಸಮಯ ಅದು. ಅಂಥ ಹೊತ್ತಿನಲ್ಲಿ ಒಳಗೆಲ್ಲ ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸಿ, ನೆಲಕ್ಕೆ ಸುಣ್ಣದ ಪುಡಿ ಎರಚಿ, ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಬೀಗ ಹಾಕಿಬಿಡುತ್ತಾರೆ. ಒಳಗೆ ಯಾರೂ ಹೋಗುವುದಿಲ್ಲ. ಹೋದರೂ ಆ ಘಾಟಿಗೆ ಹೆಚ್ಚು ಹೊತ್ತು ನಿಲ್ಲುವುದಕ್ಕಾಗುವುದಿಲ್ಲ. ಹಿಂದಿನ ಸಂಜೆಯೇ ಆ ಕೆಲಸ ಮುಗಿಸಿದ್ದಾಗಿ ರತ್ನಮ್ಮ ಫೋನಿನಲ್ಲಿ ಹೇಳಿದ್ದರು. ಬಾಗಿಲಿಗೆ ಬೀಗವಿತ್ತು. ಅದರ ಮುಂದೆ ಚಪ್ಪರದ ನೆರಳಿತ್ತು. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ ಯಂತ್ರದ ಗುಂಡಿ ಒತ್ತಿದೆ.

ಹಿಂದಿನ ರಾತ್ರಿಯ ಅಂಕಿಗಳು ಖಾಲಿ ಮನೆಯಲ್ಲಿ ಇರಬೇಕಾದಂತೆಯೇ ಇದ್ದವು. ಆರೂ ಪೆಟ್ಟಿಗೆ ಒಂದೇ ಸಮ. ಬೆಳಿಗ್ಗೆಯೂ ಹಾಗೇ. ಆದರೆ ಹನ್ನೊಂದು ಗಂಟೆ ಕಳೆದ ಮೇಲೆ ಆರನೇ ಪೆಟ್ಟಿಗೆಯ ಅಂಕಿ ಏರತೊಡಗಿತ್ತು. ಅದೊಂದೇ. ಕೆಟ್ಟ ಗಾಳಿಯ ಜೊತೆಗೆ ತೇವವೂ, ಸೆಖೆಯೂ. ಪೆಟ್ಟಿಗೆ ಕೆಟ್ಟಿರಬೇಕೆಂದು ಬೇಸರವಾಯಿತು, ಅಷ್ಟೆ. ಪರೀಕ್ಷಿಸೋಣವೆಂದು ಆ ಕ್ಷಣದ ಅಂಕಿಗಳನ್ನು ತೆರೆಯ ಮೇಲೆ ತಂದುಕೊಂಡೆ.

ಒಂದೆರಡು ನಿಮಿಷ ಆರನೆಯದು ಮೇಲೆಯೇ ಇತ್ತು. ಆಮೇಲೆ ಇಳಿಯಿತು. ಐದನೆಯದು ಏರಿತು.

ನಾನು ಒರಗಿದ್ದವಳು ನೆಟ್ಟಗೆ ನಿಂತೆ. ಮುಂದಿನ ನಿಮಿಷ ಐದು ಇನ್ನಷ್ಟು ಏರಿ, ಅದರ ಮುಂದಿನದಕ್ಕೆ ಇಳಿಯಿತು. ನಾಲ್ಕು ಏರಿತು. ಅದು ಏನು ಎಂದು ನನಗೆ ತಕ್ಷಣ ಗೊತ್ತಾಯಿತು. ಎಷ್ಟೋ ತಿಂಗಳಿಂದ ನೋಡಿದ್ದೆ ಅದನ್ನು. ಹಿಂದಿನ ಮೂಲೆಯಿಂದ ಯಾರೋ ನಿಧಾನವಾಗಿ, ನಿಂತು ನಿಂತು, ಬಾಗಿಲ ಕಡೆಗೆ ನಡೆದು ಬರುತ್ತಿದ್ದರು.

ಆ ಹೊತ್ತಿಗೆ ನಾನು ಓಡಿಹೋಗಬಹುದಿತ್ತು. ಯಾಕೆ ಓಡಲಿಲ್ಲವೋ ಗೊತ್ತಿಲ್ಲ. ಕಣ್ಣು ಆ ಅಂಕಿಗಳಿಗೆ ಅಂಟಿಕೊಂಡುಬಿಟ್ಟಿತ್ತು. ಮೂರು. ಎರಡು. ಹೆಜ್ಜೆಯ ಸಪ್ಪಳವೇನೂ ಇಲ್ಲ. ದೂರದಲ್ಲಿ ಯಾರದೋ ಟ್ರ್ಯಾಕ್ಟರಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಒಂದನೆಯದು ಏರಿತು, ಏರಿ ಅಲ್ಲೇ ನಿಂತಿತು. ಒಂದನೇ ಪೆಟ್ಟಿಗೆಗೂ ನನಗೂ ಮಧ್ಯೆ ಇದ್ದದ್ದು ಆ ತಗಡು ಮಾತ್ರ.

ಯಾರು ಒಳಗೆ ಎಂದು ಕೇಳಿದೆ. ಬಾಗಿಲು ತಟ್ಟಿದೆ. ಯಾರೂ ತಿರುಗಿ ತಟ್ಟಲಿಲ್ಲ. ಬಾಗಿಲ ಮೇಲೆ ಅಂಗೈ ಇಟ್ಟೆ. ನೆರಳಿನಲ್ಲಿದ್ದ ತಗಡು ತಣ್ಣಗಿತ್ತು. ಕೈ ಹಾಗೇ ಮೇಲಕ್ಕೆ ಸರಿಸಿದಾಗ ಸರಿಯಾಗಿ ನನ್ನ ಮುಖದ ಎತ್ತರಕ್ಕೆ ಒಂದು ಕಡೆ, ಅಂಗೈಯಷ್ಟೇ ಅಗಲಕ್ಕೆ, ಅದು ಬೆಚ್ಚಗಿತ್ತು. ಕೈ ಕಿತ್ತುಕೊಂಡೆ. ಆಗಲೂ ಅಲ್ಲಿಂದ ಕದಲಲಿಲ್ಲ.

ಅಷ್ಟರಲ್ಲಿ ರತ್ನಮ್ಮ ತೋಟದ ಬದುವಿನ ಮೇಲೆ ಬರುತ್ತಿರುವುದು ಕಾಣಿಸಿತು. ನನ್ನ ಸ್ಕೂಟರ್ ನೋಡಿ ಊಟಕ್ಕೆ ಕರೆಯಲು ಬಂದಿದ್ದರಂತೆ. ನನ್ನ ಮುಖ ನೋಡಿ ಅವರ ನಗು ಹಾರಿಹೋಯಿತು. ಒಳಗೆ ಯಾರೋ ಇದ್ದಾರೆ ಎಂದೆ. ಅವರು ನಂಬುವುದಿಲ್ಲ, ನನ್ನನ್ನು ಗದರಿಸುತ್ತಾರೆ, ಆಗ ನನಗೂ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ. ಆದರೆ ಅವರು ಬಾಗಿಲನ್ನು ನೋಡಿದರು, ಬೀಗವನ್ನು ನೋಡಿದರು. ಅವರ ತುಟಿ ಬಿಳಿಚಿಕೊಂಡಿತು.

"ಬೆಳಿಗ್ಗೆ ನಾನು ಈ ಕಡೆ ಬಂದಾಗ ಬೀಗ ತೆಗ್ದಿತ್ತು ಕಣಮ್ಮ," ಎಂದರು. "ಸುಮ್ನೆ ತಗಲಾಕಿತ್ತು. ರಾತ್ರಿ ಮರ್ತಿದ್ದೀವಿ ಅಂದ್ಕಂಡು ನಾನೇ ಒತ್ತಿ ಹಾಕ್ದೆ. ನಮ್ಮೆಜಮಾನ್ರು ಬೆಳಿಗ್ಗೆಯಿಂದ ಕಾಣಿಸ್ತಾ ಇಲ್ಲ. ಫೋನ್ ಮನೇಲೇ ಬಿಟ್ಟೋಗವ್ರೆ."

ಕಿವಿ ಕೇಳದ, ಉಬ್ಬಸವಿರುವ ಮನುಷ್ಯ. ಒಳಗೆ ಬ್ಲೀಚಿಂಗ್ ಪುಡಿಯ ಘಾಟು. ಹೊರಗಿನಿಂದ ಬೀಗ. ಇದಿಷ್ಟೂ ನನಗೆ ಅರ್ಥವಾಯಿತು. ಆಗ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಬೀಗದ ಕೈ ತರಲು ತಿರುಗಿದ ರತ್ನಮ್ಮನ ಮಣಿಕಟ್ಟನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ.

"ಬೇಡ ರತ್ನಮ್ಮ," ಎಂದೆ. "ಬಾಗಿಲು ತೆಗೀಬೇಡಿ."

ಅದು ಪಿಸುಮಾತಲ್ಲ. ಬಾಗಿಲ ಮುಂದೆಯೇ ನಿಂತು ಗಟ್ಟಿಯಾಗಿ ಹೇಳಿದೆ. ಒಳಗಿರುವುದು ಮುನಿವೆಂಕಟಪ್ಪನಲ್ಲ ಎಂದು ನನಗೆ ಹೇಗೆ ಅನ್ನಿಸಿತೋ ಹೇಳಲಾರೆ. ಕಿವಿ ಕೇಳದಿದ್ದರೂ, ನಾನು ಬಾಗಿಲು ತಟ್ಟಿದಾಗ ತಗಡು ಅದುರಿದ್ದು ತಿಳಿದು ಅವರು ತಿರುಗಿ ತಟ್ಟದೇ ಇರುತ್ತಿರಲಿಲ್ಲ ಎಂದು ಆಮೇಲೆ ಸಮಾಧಾನ ಹೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ಅಂಥ ಯೋಚನೆಯೇನೂ ಇರಲಿಲ್ಲ. ಆ ಬಾಗಿಲು ತೆರೆಯಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಒಳಗೆ ಒಂದು ಜೀವ ಹೋದರೂ ಸರಿ.

ರತ್ನಮ್ಮ ನನ್ನ ಕೈ ಕೊಡವಿ ಊರಿನ ಕಡೆ ಓಡಿದರು. ನಾನು ಬಾಗಿಲಿಗೆ ಬೆನ್ನು ಕೊಡಲು ಹೆದರಿ, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಬಂದು ಬಿಸಿಲಿನಲ್ಲಿ ನಿಂತೆ. ಯಂತ್ರವನ್ನು ಮಗುಚಿ ಎದೆಗೆ ಒತ್ತಿಕೊಂಡಿದ್ದೆ. ನೋಡುವ ಧೈರ್ಯವಾಗಲಿಲ್ಲ. ಅವರು ಬರುವವರೆಗಿನ ಹತ್ತು ನಿಮಿಷ ಹೇಗೆ ಕಳೆಯಿತೆಂದು ನನಗೆ ನೆನಪಿಲ್ಲ.

ರತ್ನಮ್ಮ ಓಡಿ ಬಂದು ಬೀಗ ತೆಗೆದರು. ಬಾಗಿಲು ತೆರೆದಾಗ ಘಾಟು ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬಂತು. ಒಳಗೆ ಮಬ್ಬು ಬೆಳಕು. ಎರಡೂ ಕಡೆ ಖಾಲಿ ತಟ್ಟೆಗಳ ಸಾಲು. ಮಧ್ಯೆ ಬಾಗಿಲಿಂದ ಹಿಂದಿನ ಗೋಡೆಯವರೆಗೆ ನೆಲಕ್ಕೆ ಎರಚಿದ ಸುಣ್ಣ ಬೆಳ್ಳಗೆ ಬಿದ್ದಿತ್ತು. ಅದರ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಇಲಿಯದೂ ಇಲ್ಲ, ಹಲ್ಲಿಯದೂ ಇಲ್ಲ. ಹಿಂದಿನ ಸಂಜೆ ರತ್ನಮ್ಮ ಹಿಮ್ಮುಖವಾಗಿ ಎರಚುತ್ತ ಹೊರಗೆ ಬಂದಾಗ ಅದು ಹೇಗಿತ್ತೋ ಹಾಗೇ ಇತ್ತು.

ಯಾರೂ ಇರಲಿಲ್ಲ. ರತ್ನಮ್ಮನ ಬಾಯಿಂದ ಒಂದು ದೊಡ್ಡ ಉಸಿರು ಬಂತು. ಆಗಲೇ ನಾನು ಯಂತ್ರವನ್ನು ತಿರುಗಿಸಿ ನೋಡಿದ್ದು. ಒಂದನೇ ಪೆಟ್ಟಿಗೆಯ ಅಂಕಿ ಇಳಿದುಹೋಗಿತ್ತು. ಆರನೆಯದು ಮೇಲಿತ್ತು. ತಲೆಯೆತ್ತಿ ಆ ಮೂಲೆಯನ್ನು ನೋಡಿದೆ. ಗೋಡೆ, ಒಂದು ಖಾಲಿ ಬುಟ್ಟಿ, ಮೊಳೆಗೆ ತೂಗುಹಾಕಿದ ನಮ್ಮ ಪೆಟ್ಟಿಗೆ. ಮತ್ತೆ ಯಂತ್ರವನ್ನು ನೋಡಿದೆ. ಆರನೆಯದು ಇನ್ನೂ ಏರುತ್ತಿತ್ತು.

ನಾನು ಎಲ್ಲಿ ನೋಡುತ್ತಿದ್ದೆನೋ ಅದನ್ನು ರತ್ನಮ್ಮ ಗಮನಿಸಿದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಸುಣ್ಣ ತುಳಿಯುತ್ತ, ನೇರವಾಗಿ ಆ ಮೂಲೆಗೇ ನಡೆದರು. ಅಲ್ಲಿ ನಿಂತು, ಮನೆಯಲ್ಲಿ ಮಕ್ಕಳ ಜೊತೆ ಆಡುವ ತೆಲುಗಿನಲ್ಲಿ ಮೆಲ್ಲಗೆ, "ಎವರು? ಬಯಟಿಕಿ ರಾ," ಎಂದರು. ಯಾರು, ಹೊರಗೆ ಬಾ ಎಂದು. ಗದರಿಕೆಯಲ್ಲ. ಮೂಲೆಯಲ್ಲಿ ಮುನಿಸಿಕೊಂಡು ಕೂತವರನ್ನು ಕರೆಯುವ ದನಿ. ಸ್ವಲ್ಪ ಹೊತ್ತು ಕಾದು ವಾಪಸು ಬಂದು ಬಾಗಿಲು ಹಾಕಿದರು. ಅವರು ಅಲ್ಲಿ ನಿಂತಿದ್ದಾಗ ಆರನೆಯದು ಇನ್ನಷ್ಟು ಏರಿತು. ಅದು ಅವರ ಉಸಿರೋ, ಇನ್ನೊಬ್ಬರದೋ, ಹೇಗೆ ಹೇಳಲಿ?

ಮುನಿವೆಂಕಟಪ್ಪ ಮೂರು ಗಂಟೆಯ ಬಸ್ಸಿಗೆ ಕೋಲಾರದಿಂದ ಬಂದಿಳಿದರು. ಬೋರಿನ ಮೋಟರಿನ ಸ್ಟಾರ್ಟರ್ ಸುಟ್ಟುಹೋಗಿತ್ತೆಂದು ರಿಪೇರಿಗೆ ಹೋಗಿದ್ದರು. ಹೆಂಡತಿ ಬಸ್ಸಿನ ಹತ್ತಿರವೇ ಅಷ್ಟು ಜನರ ಮುಂದೆ ತಮ್ಮ ಭುಜ ಹಿಡಿದುಕೊಂಡು ಅತ್ತದ್ದು ಯಾಕೆಂದು ಅವರಿಗೆ ಕೊನೆಗೂ ಅರ್ಥವಾಗಲಿಲ್ಲ. ಬೀಗದ ವಿಷಯ ಕೇಳಿದರೆ ತಾವು ಮುಟ್ಟೇ ಇಲ್ಲ ಎಂದರು.

ನೀವು ಕೇಳಬಹುದಾದದ್ದನ್ನೆಲ್ಲ ನಾನೂ ವಿಚಾರಿಸಿದೆ. ಆ ಜಾಗ ಮೊದಲು ರಾಗಿ ಹೊಲ. ಅಲ್ಲಿ ಯಾರೂ ಸತ್ತಿಲ್ಲ, ಯಾರನ್ನೂ ಹೂತಿಲ್ಲ, ಜಗಳ ಕೊಲೆ ಏನೂ ನಡೆದಿಲ್ಲ. ಕಚೇರಿಯಲ್ಲಿ ನಮ್ಮ ಮೇಲಿನವರು ಪೆಟ್ಟಿಗೆಗಳನ್ನೂ ಯಂತ್ರವನ್ನೂ ತರಿಸಿ ಪರೀಕ್ಷೆ ಮಾಡಿದರು. ಎಲ್ಲ ಸರಿಯಾಗಿದ್ದವು. ಬ್ಲೀಚಿಂಗ್ ಪುಡಿಯ ಘಾಟಿಗೆ ಅಂಕಿ ಏರುಪೇರಾಗಿರುತ್ತದೆ ಎಂದರು. ನಾನು ತಲೆಯಾಡಿಸಿದೆ. ಘಾಟು ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರುತ್ತದೆಯೇ ಎಂದು ಕೇಳಲಿಲ್ಲ. ಬೇರೆ ಕೆಲಸ ಕೇಳಿಕೊಂಡೆ. ಈಗ ಶ್ರೀನಿವಾಸಪುರದ ಕಡೆ ಮಾವಿನ ತೋಟಗಳಲ್ಲಿ ಮಣ್ಣಿನ ತೇವ ಅಳೆಯುತ್ತೇನೆ. ಅಲ್ಲಿ ಗೋಡೆಗಳಿಲ್ಲ.

ಕೊನೆಯ ಸಲ ರತ್ನಮ್ಮನನ್ನು ನೋಡಲು ಹೋದಾಗ, ಆ ಮನೆಯೊಳಗೆ ಒಬ್ಬರೇ ಹೋಗಲು ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. ಆಗ ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೂ ಕೇಳುತ್ತಿತ್ತು.

"ನಾನು ಹೋಗ್ದಿದ್ರೆ ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ?" ಎಂದರು. "ಬಾಗ್ಲು ತೆಗಿಯೋ ಮುಂಚೆ, ನಾನು ಬಂದೆ ಅಂತ ಒಂದು ಮಾತು ಹೇಳ್ತೀನಿ. ಅಷ್ಟೇ."

ಅವರಿಗೆ ಹೇಳದೆ ಉಳಿಸಿಕೊಂಡದ್ದೂ ಒಂದಿದೆ. ಆ ಮಧ್ಯಾಹ್ನ ಕಳೆದು ಒಂದು ವಾರದ ಮೇಲೆ ಆ ದಿನದ ದಾಖಲೆಯನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡಿದೆ. ಅದು ಬಾಗಿಲ ಹತ್ತಿರ ಬಂದು ಒಂಬತ್ತು ನಿಮಿಷ ನಿಂತಿತ್ತು. ನಾನು ಯಾರು ಎಂದು ಕೇಳಿದಾಗ ಅಲ್ಲೇ ಇತ್ತು. ತಟ್ಟಿದಾಗ ಅಲ್ಲೇ ಇತ್ತು, ತಗಡಿನ ಮೇಲೆ ಕೈ ಇಟ್ಟಾಗಲೂ ಅಲ್ಲೇ. ರತ್ನಮ್ಮ ಬಾಗಿಲು ತೆರೆದಾಗ ಅದು ಹಿಂದೆ ಸರಿಯಿತು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಹಾಗಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಅದು ಮೂಲೆ ಸೇರಿ ಆಗಿತ್ತು. ಎರಡನೇ ಪೆಟ್ಟಿಗೆ, ಮೂರನೆಯದು, ನಾಲ್ಕನೆಯದು, ಬಂದದ್ದಕ್ಕಿಂತಲೂ ನಿಧಾನವಾಗಿ ಹಿಂದಕ್ಕೆ ಹೋಗಿತ್ತು. ಹೊರಟದ್ದು ರತ್ನಮ್ಮ ಬೀಗದ ಕೈ ತರಲು ಓಡುವ ಮೊದಲು. ಸರಿಯಾಗಿ ನಾನು ಬೇಡ ಎಂದ ನಿಮಿಷಕ್ಕೆ.

ಅದು ಏನು, ಯಾಕೆ ಬಂದಿತ್ತು, ನನ್ನ ಮಾತು ಅದಕ್ಕೆ ಹೇಗೆ ತಿಳಿಯಿತು, ಒಂದಕ್ಕೂ ನನ್ನಲ್ಲಿ ಉತ್ತರವಿಲ್ಲ. ಅದು ಹೊರಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಮೊದಮೊದಲು ಹೆದರುತ್ತಿದ್ದೆ. ಈಗ ನಾನು ಹೆದರುವುದು, ಬೇಡ ಎಂದ ನನ್ನ ಒಂದೇ ಮಾತಿಗೆ ಅದು ಅಷ್ಟು ಸುಮ್ಮನೆ ಹಿಂದಕ್ಕೆ ಹೋಯಿತಲ್ಲ, ಅದಕ್ಕೆ.