ಅಗಿಯಲಾರದ ಹುಲ್ಲು

ನಾನು ಮದುವೆಯಾಗಿ ಎಕ್ಕಂಬಿ ಹತ್ತಿರದ ಆ ಮನೆಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಮಾವನವರು ಒಂದು ಬಿಳಿಯ ಹೆಣ್ಣು ಕುದುರೆ ಸಾಕಿದ್ದರು. ಬನವಾಸಿ ಕಡೆಯ ಎಷ್ಟೋ ಮದುಮಕ್ಕಳನ್ನು ಹೊತ್ತು ಮೆರೆದ ಕುದುರೆ ಅದು. ನಾನು ಕಾಣುವ ಹೊತ್ತಿಗೆ ಮುಪ್ಪಾಗಿತ್ತು. ಪಕ್ಕೆಲುಬು ಎದ್ದು, ಬೆನ್ನು ಬಾಗಿ, ಕಣ್ಣಿನ ಮೇಲೆ ಕುಳಿ ಬಿದ್ದಿತ್ತು. ಯಾರೂ ಬಾಡಿಗೆಗೆ ಕೇಳುತ್ತಿರಲಿಲ್ಲ.

ಹುಲ್ಲು ಹಾಕಿದರೆ ಅಗಿದು ಅಗಿದು ಉಂಡೆ ಮಾಡಿ ಉಗುಳಿಬಿಡುತ್ತಿತ್ತು. ಶಿರಸಿಯಿಂದ ದನದ ಡಾಕ್ಟರು ಬಂದು ಬಾಯಿ ತೆರೆಸಿ ನೋಡಿದರು. “ದವಡೆ ಹಲ್ಲು ಪೂರಾ ಸವದಾವ. ಒಣಹುಲ್ಲು ನಡಿಯಂಗಿಲ್ಲ. ಹುರುಳಿ ಬೇಯಿಸಿ, ತೌಡು ಕಲಸಿ ಗಂಜಿ ಕೊಡ್ರಿ,” ಎಂದರು.

ಮಾವನವರು ನನ್ನತ್ತ ತಿರುಗಿ, “ಕೇಳಿದೆಲ್ಲವ್ವಾ? ಕೂಸು ನೋಡಿದಂಗ ನೋಡ್ಕೋ. ಎಲುಬು ಕಾಣಬಾರದು,” ಎಂದರು. ಆ ಮನೆಯಲ್ಲಿ ಅವರು ನನ್ನೊಡನೆ ನಯವಾಗಿ ಮಾತಾಡಿದ್ದು ಅದೇ ಮೊದಲು.

ಹುರುಳಿಯನ್ನು ಬೆರಳಲ್ಲಿ ಹಿಚುಕಿದರೆ ಕರಗುವಷ್ಟು ಬೇಯಿಸಿ, ತೌಡು, ಬೆಲ್ಲ, ಒಂದು ಚಿಟಿಕೆ ಉಪ್ಪು ಸೇರಿಸಿ, ಆರಿಸಿ ಕೊಡುತ್ತಿದ್ದೆ. ತೆಂಗಿನ ನಾರಿನಿಂದ ಮೈ ಉಜ್ಜುತ್ತಿದ್ದೆ. ಚಳಿಗಾಲ ಕಳೆಯುವಷ್ಟರಲ್ಲಿ ಎಲುಬಿನ ಮೇಲೆ ಮಾಂಸ ಕೂತಿತು, ಕೂದಲು ಮಿಂಚಿತು. ನನ್ನ ಹೆಜ್ಜೆ ಸಪ್ಪಳಕ್ಕೇ ಕೆನೆಯುತ್ತಿತ್ತು. ಸಾಯುವ ತನಕ ಸುಖವಾಗಿರಲಿ ಎಂದೇ ಮಾವನವರು ಇದನ್ನೆಲ್ಲ ಮಾಡಿಸುತ್ತಿದ್ದಾರೆ ಎಂದು ನಾನು ನಂಬಿದ್ದೆ.

ಮದುವೆಯ ಕಾಲ ಹತ್ತಿರವಾದಾಗ ಯಲ್ಲಾಪುರದಿಂದ ಬ್ಯಾಂಡಿನವನೊಬ್ಬ ಕುದುರೆ ಕೊಳ್ಳಲು ಬಂದ. ಮಾವನವರು ಅದರ ಬೆನ್ನು ತಟ್ಟಿ, “ಹನ್ನೆರಡು ವರ್ಷದ್ದು. ಹುಲ್ಲು ಹಾಕಿದ್ರ ಸಾಕು, ಬ್ಯಾರೆ ಏನೂ ಕೇಳಂಗಿಲ್ಲ,” ಎಂದರು.

ನಾನು ಗಂಜಿಯ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. “ಹುಲ್ಲು ಹಾಕಬ್ಯಾಡ್ರಿ ಅಣ್ಣಾ, ಉಪವಾಸ ಬೀಳ್ತತಿ. ಅದಕ್ಕ ಹಲ್ಲಿಲ್ಲ,” ಎಂದುಬಿಟ್ಟೆ.

ಅವನು ಕುದುರೆಯ ತುಟಿ ಎತ್ತಿ ನೋಡಿದ. “ಮುದುಕೀನ ಗಂಟು ಹಾಕಾಕ ನಿಂತಿದ್ರಲ್ರೀ ಯಜಮಾನ್ರ!” ಎಂದು ನಕ್ಕು ಹೊರಟುಹೋದ.

ಮಾವನವರು ಕೂಗಾಡಲಿಲ್ಲ. ತೌಡು, ಹುರುಳಿ ಇದ್ದ ಪೆಟ್ಟಿಗೆಗೆ ಕೀಲಿ ಹಾಕಿ, ಗೋದಲಿಯ ತುಂಬ ಒಣಹುಲ್ಲು ಸುರಿದರು. “ಇನ್ನ ಇದ ಊಟ. ಗಂಜಿ ಮಾಡಿದ್ರ ಕೈ ಮುರಿತೀನಿ,” ಎಂದರು. ಗಂಡನ ಹತ್ತಿರ ಹೋಗಿ ಅತ್ತುಕೊಂಡೆ. “ಅಪ್ಪನ ಮುಂದ ಬಾಯಿ ಯಾಕ ತಗದಿ?” ಎಂದು ಅವರೂ ಬೆನ್ನು ತಿರುಗಿಸಿದರು.

ಕುದುರೆ ಹುಲ್ಲಿನ ರಾಶಿಯ ಮುಂದೆ ನಿಂತೇ ಸೊರಗಿತು. ದಿನವಿಡೀ ಅಗಿಯುತ್ತಿತ್ತು, ಉಗುಳುತ್ತಿತ್ತು. ಕಾಲ ಬಳಿ ಅಗಿದ ಹುಲ್ಲಿನ ಉಂಡೆಗಳು ಬಿದ್ದಿರುತ್ತಿದ್ದವು. ಒಮ್ಮೆ ಸೆರಗಿನಲ್ಲಿ ಮುಚ್ಚಿಕೊಂಡು ಅನ್ನದ ಗಂಜಿ ಒಯ್ದೆ. ಹಿಂದಿನಿಂದ ಬಂದ ಮಾವನವರು ಪಾತ್ರೆಯನ್ನು ಒದ್ದರು. ಗಂಜಿ ಮಣ್ಣಿಗೆ ಚೆಲ್ಲಿ ಕೆಸರಾಯಿತು. ಕುದುರೆ ಕುತ್ತಿಗೆಯ ಹಗ್ಗ ಬಿಗಿಯುವ ತನಕ ಬಗ್ಗಿ ಆ ಕೆಸರನ್ನೇ ನೆಕ್ಕಿತು. ಅವರು ನನ್ನನ್ನು ಅಲ್ಲೇ ನಿಲ್ಲಿಸಿ ನೋಡಿಸಿದರು.

ಯುಗಾದಿಗೆ ಮೊದಲೇ ಅದು ಬಿದ್ದು ಸತ್ತಿತು. ಎತ್ತು ಹೂಡಿ ಎಳೆಸುವಾಗ ಮಾವನವರು ಎಲ್ಲರೆದುರು ನನಗೆ, “ನಿನ್ನ ಬಾಯಿ ತಿಂತು ಇದನ್ನ,” ಎಂದರು.

ಆಮೇಲೆ ಹೊರಗಿನವರು ಯಾರು ಬಂದರೂ ನಾನು ಒಳಗೇ ಉಳಿದೆ. ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದೆ, ಅಷ್ಟೆ. ಬಂದವರೊಡನೆ ಮಾವನವರು ನನ್ನನ್ನು ಹೊಗಳುತ್ತಿದ್ದುದು ಅಡುಗೆಮನೆಗೆ ಕೇಳಿಸುತ್ತಿತ್ತು: “ನಮ್ಮ ಸೊಸಿ ಭಾಳ ಗರೀಬ, ತುಟಿ ಪಿಟಕ್ಕನ್ನಂಗಿಲ್ಲ.”